ಹತ್ತು ಗಂಟೆಗೆ ಸರಿಯಾಗಿ

ಹದಿನೆಂಟನೇ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತು ನಲವತ್ತು. ಇನ್‌ಸ್ಪೆಕ್ಟರ್ ಮೇಡಂ ಆಗಷ್ಟೇ ಬಂದು ಕೂತಿದ್ದರು. ದಫೇದಾರ ಠಾಣಾ ದಿನಚರಿಯಲ್ಲಿ ಬೆಳಗಿನ ಹಾಜರಿ ಬರೆಯುತ್ತಿದ್ದಾಗ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಬಟ್ಟೆ ಹೊಲಿಯುವವಳು ಎಂದು ದಫೇದಾರ ಊಹಿಸಿದ. ಆ ಟೇಪನ್ನು ಅವಳು ನಿನ್ನೆಯಿಂದ ತೆಗೆದೇ ಇಲ್ಲ ಎನ್ನುವುದು ಆಮೇಲೆ ತಿಳಿಯಿತು.

"ನಮ್ಮಪ್ಪ ನಿನ್ನೆ ತೀರ್ಕೊಂಡ್ರು," ಎಂದಳು. ಅತ್ತು ಅತ್ತು ಮುಗಿದ ಮುಖ. "ಕಂಪ್ಲೇಂಟ್ ಕೊಡ್ಬೇಕು."

"ಕೂತ್ಕೊಳ್ಳಿ. ಯಾರ ಮೇಲೆ?" ಮೇಡಂ ಕೇಳಿದರು.

"ಅದೇ ಗೊತ್ತಿಲ್ಲ."

ಅವಳು ಹೇಳಿದ್ದು ಇಷ್ಟು. ಹದಿನೇಳನೇ ತಾರೀಖು ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ ಅಪ್ಪ ಎದೆ ಹಿಡಿದುಕೊಂಡು ಕುಸಿದರು. ಅವಳು ಮೊಬೈಲಿನಲ್ಲಿ ಆಂಬುಲೆನ್ಸ್ ಆ್ಯಪ್ ಒತ್ತಿದಳು. 'ವಾಹನ ಹೊರಟಿದೆ' ಎಂದು ಪರದೆಯ ಮೇಲೆ ಬಂತು. ಕಾದಳು. ಮತ್ತೆ ಒತ್ತಿದಳು. ಐದು ಸಲ ಒತ್ತಿದಳು, ಐದು ಸಲವೂ ವಾಹನ ಹೊರಟಿತ್ತು. ಕೊನೆಗೆ ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಹೋದಾಗ ಹನ್ನೊಂದು ಐವತ್ತು. ಅರ್ಧ ಗಂಟೆ ಮೊದಲು ತಂದಿದ್ದರೆ ನೋಡಬಹುದಿತ್ತು ಎಂದರು ಡಾಕ್ಟರು.

"ಐದು ಸಲ ಒತ್ತೋ ಬದಲು ಮೊದ್ಲೇ ಕಾರಲ್ಲಿ ಕರ್ಕೊಂಡು ಹೋಗ್ಬೇಕಿತ್ತು ನಾನು," ಎಂದಳು. "ಹೊರಟಿದೆ ಅಂತ ಬಂತಲ್ಲ, ನಂಬಿಬಿಟ್ಟೆ. ನಂಗೆ ಒಂದೇ ಗೊತ್ತಾಗ್ಬೇಕು ಮೇಡಂ. ಹೊರಟ ಗಾಡಿ ಎಲ್ಲಿಗೆ ಹೋಯ್ತು?"

ಮೇಡಂ ದೂರಿನ ಕಾಗದ ಮುಂದಕ್ಕೆಳೆದುಕೊಂಡರು. ಗೊತ್ತಿಲ್ಲದ್ದಕ್ಕೆ ಸಮಾಧಾನ ಹೇಳುವ ಜಾಯಮಾನ ಅವರದಲ್ಲ. ಹತ್ತು ಹದಿನೈದಕ್ಕೆ ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿ ಎನ್ನುವ ಕಡೆ ದಫೇದಾರ 'ಅಪರಿಚಿತ' ಎಂದು ಬರೆದ.

ಆಂಬುಲೆನ್ಸ್ ಕಂಪನಿಯ ಆಫೀಸು ಪೀಠೋಪಕರಣದ ಅಂಗಡಿಯೊಂದರ ಮೇಲೆ, ಎರಡನೇ ಮಹಡಿಯಲ್ಲಿತ್ತು. ಪೊಲೀಸರು ಹೋದಾಗ ಮಧ್ಯಾಹ್ನ ಹನ್ನೆರಡೂವರೆ. ಪಂಚರಾಗಿ ಪಕ್ಕದ ಜೆರಾಕ್ಸ್ ಅಂಗಡಿಯವನನ್ನೂ ಕೆಳಗಿನ ಬಡಗಿಯನ್ನೂ ಕರೆದುಕೊಂಡರು. ದೊಡ್ಡ ಹಾಲು, ಸಾಲಾಗಿ ಕಂಪ್ಯೂಟರುಗಳು, ಮೂಲೆಯಲ್ಲಿ ಗಾಜಿನ ಕೋಣೆ. ಗಾಜಿನ ಕೋಣೆಯಿಂದ ಮ್ಯಾನೇಜರು ಹೊರಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು.

"ಸಣ್ಣ ತಾಂತ್ರಿಕ ತೊಂದರೆ ಆಗಿತ್ತು ಮೇಡಂ. ನಮಗೂ ತುಂಬಾ ಬೇಜಾರಾಗಿದೆ."

ಹೆಣ ಬಿದ್ದ ಮೇಲೂ ಅದನ್ನು ಸಣ್ಣದು ಅನ್ನುತ್ತಾನಲ್ಲ, ಇವನ ಮೇಲೆ ಒಂದು ಕಣ್ಣಿರಬೇಕು ಎಂದುಕೊಂಡ ದಫೇದಾರ. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಅವನು ಎಲ್ಲರ ಮೇಲೂ ಒಂದೊಂದು ಕಣ್ಣಿಟ್ಟವನೇ. ಹಾಗಿದ್ದೂ ಆ ಆಫೀಸಿನಲ್ಲಿ ಒಬ್ಬರು ಅವನಿಗೆ ನೋಡಿದ ಕೂಡಲೇ ಹಿಡಿಸಿಬಿಟ್ಟರು. ಐವತ್ತು ದಾಟಿದ ಶಿಫ್ಟ್ ಸೂಪರ್‌ವೈಸರು. ಇಡೀ ಆಫೀಸು ಅವರನ್ನು ಕರೆಯುತ್ತಿದ್ದುದೇ 'ಮಾವ' ಎಂದು. ದಫೇದಾರನ ಮಂಡಿನೋವು ಅವನು ಮೆಟ್ಟಿಲು ಹತ್ತಿದ ರೀತಿಯಲ್ಲೇ ಗೊತ್ತಾಯಿತೋ ಏನೋ, ಯಾರೂ ಹೇಳದೆ ಎತ್ತರದ ಕುರ್ಚಿಯೊಂದನ್ನು ತಂದು ಹಾಕಿ, ನೀರಿನ ಲೋಟ ಕೈಗಿಟ್ಟರು.

"ನಿನ್ನೆ ಏನಾಯ್ತು ಅಂತ ಯಾರು ಹೇಳ್ತೀರಿ?" ಮೇಡಂ ಕೇಳಿದರು.

ಕಿಟಕಿಯ ಬಳಿಯ ಮೇಜಿನಿಂದ ಒಬ್ಬ ಹೆಂಗಸು ಎದ್ದಳು. ಮೂವತ್ತೈದರ ಆಸುಪಾಸು. ಆ್ಯಪ್ ನೋಡಿಕೊಳ್ಳುವ ಇಂಜಿನಿಯರ್. ಅವಳಿಗೂ ಅಲ್ಲಿ ಒಂದು ಅಡ್ಡಹೆಸರಿತ್ತು, ಗಂಟೆ ಅಕ್ಕ.

"ಆ್ಯಪ್ ತಾನು ಮಾಡೋ ಕೆಲಸಾನೆಲ್ಲ ಒಂದೊಂದು ಸಾಲಾಗಿ ಬರೆದಿಡುತ್ತೆ ಮೇಡಂ. ಅದಕ್ಕೆ ಲಾಗ್ ಅಂತೀವಿ. ನಿಮ್ಮ ಠಾಣೆ ದಿನಚರಿ ಇದ್ದ ಹಾಗೆ. ತಪ್ಪಾದ್ರೆ ಅದನ್ನೂ ಬರೆಯುತ್ತೆ. ಆದ್ರೆ ದಿನಕ್ಕೆ ಲಕ್ಷ ಸಾಲು. ಯಾರು ಓದ್ತಾರೆ? ಅದಕ್ಕೇ ನಾನೊಂದು ಗಂಟೆ ಕಟ್ಟಿದೆ. ಐದು ನಿಮಿಷದಲ್ಲಿ ಮೂರು ತಪ್ಪಿನ ಸಾಲು ಬಂದ್ರೆ ಮಾವನ ಫೋನಿಗೆ ಕರೆ ಹೋಗುತ್ತೆ, ಜೋರಾಗಿ ಬಡ್ಕೊಳ್ಳುತ್ತೆ. ಮಾವ ತಕ್ಷಣ ಡ್ರೈವರ್‌ಗಳಿಗೆ ತಾವೇ ಫೋನ್ ಮಾಡಿ ಗಾಡಿ ಕಳಿಸ್ತಾರೆ."

"ನಿನ್ನೆ ಎಷ್ಟು ತಪ್ಪಿನ ಸಾಲು?"

"ಹನ್ನೊಂದು ಎರಡರಿಂದ ಹನ್ನೊಂದು ನಲವತ್ತೇಳರವರೆಗೆ, ಅರವತ್ತೆರಡು." ಅವಳ ದನಿ ಇಳಿಯಿತು. "ಕರೆ ಡ್ರೈವರ್‌ಗೆ ತಲುಪ್ತಾನೇ ಇರ್ಲಿಲ್ಲ. ಆದ್ರೂ ಪರದೆ ಮೇಲೆ ಹೊರಟಿದೆ ಅಂತ ತೋರಿಸ್ತಿತ್ತು."

"ಗಂಟೆ ಬಾರಿಸ್ತಾ?"

"ಇಲ್ಲ," ಎಂದರು ಮಾವ. "ಬಾರಿಸಿದ್ರೆ ನಾನು ಸುಮ್ನಿರ್ತಿದ್ನಾ ಮೇಡಂ?"

ಪಂಚರ ಎದುರಿಗೆ ಆ ನಿಯಮವನ್ನು ತೆರೆಸಿದರು. ಪರದೆಯ ಮೇಲೆ ಮೂರು ಎಂದೇ ಇತ್ತು. ಎಲ್ಲ ಸರಿಯಾಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು, ಕೊನೆಯ ತಿದ್ದುಪಡಿ ಹದಿನೇಳನೇ ತಾರೀಖು ಮಧ್ಯಾಹ್ನ ಒಂದು ಇಪ್ಪತ್ತು. ತಿದ್ದಿದವರು ಎನ್ನುವ ಕಡೆ ಗಂಟೆ ಅಕ್ಕನ ಹೆಸರು.

ಹಾಲಿನಲ್ಲಿದ್ದ ಎಲ್ಲರೂ ಅವಳ ಕಡೆ ತಿರುಗಿದರು.

"ನಾನು ಮುಟ್ಟಿಲ್ಲ. ಒಂದು ಇಪ್ಪತ್ತಕ್ಕೆ ನಾನು ಊಟ ಮಾಡ್ತಿದ್ದೆ."

"ಯಾರ ಜೊತೆ?"

"ಒಬ್ಳೇ. ಮೆಟ್ಟಿಲ ಮೇಲೆ ಕೂತ್ಕೊಂಡು."

ತಿದ್ದುವ ಮೊದಲು ಅಲ್ಲಿ ಏನಿತ್ತು ಎನ್ನುವುದು ಪರದೆಯಲ್ಲಿ ಇರಲಿಲ್ಲ. ಯಾವ ಕಂಪ್ಯೂಟರಿನಿಂದ ತಿದ್ದಿದ್ದು ಎನ್ನುವುದೂ ಇರಲಿಲ್ಲ. ಹಳೆಯದನ್ನೆಲ್ಲ ಉಳಿಸಿಡುವ ಸೌಲಭ್ಯವನ್ನು ಕಂಪನಿ ತೆಗೆದುಕೊಂಡಿರಲಿಲ್ಲವಂತೆ. ಮ್ಯಾನೇಜರು ಮೇಡಂ ಅವರನ್ನು ಗಾಜಿನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡ. ಬಾಗಿಲು ಮುಚ್ಚುವಷ್ಟರಲ್ಲಿ ದಫೇದಾರನೂ ಒಳಗಿದ್ದ.

"ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಅವಳು ಕೆಲಸ ಬಿಡ್ತಿದ್ದಾಳೆ. ಹದಿನೈದು ದಿನದ ಹಿಂದೆ ನನ್ನ ಜೊತೆ ದೊಡ್ಡ ಜಗಳ ಆಯ್ತು, ರಾಜೀನಾಮೆ ಕೊಟ್ಳು. ಗಂಟೆ ಕಟ್ಟಿದ್ದು ಅವಳು, ಬಿಚ್ಚೋಕೆ ಬರೋದೂ ಅವಳಿಗೇ. ಹೋಗೋಳು ಏನೋ ಕಿತಾಪತಿ ಮಾಡಿದ್ಳು, ಸಾವಾಯ್ತು ಅಂತ ಗೊತ್ತಾದ್ಮೇಲೆ ಹೆದರಿ ಸರಿ ಮಾಡಿಟ್ಳು. ಇವತ್ತೇ ಅರೆಸ್ಟ್ ಮಾಡ್ತೀರಾ?"

"ಜಗಳ ಯಾತಕ್ಕೆ?"

"ಕೆಲಸದ ವಿಷಯ," ಎಂದವನೇ ಬಾಗಿಲು ತೆರೆದ.

ಇನ್ನೊಂದು ವಸ್ತು ಅವಳನ್ನು ಮತ್ತೂ ಬಿಗಿಯಾಗಿ ಕಟ್ಟಿಹಾಕಿತು. ಗಂಟೆ ಜೀವಂತವಾಗಿದೆಯೇ ಎಂದು ನೋಡಲು ಅವಳೇ ಒಂದು ಪದ್ಧತಿ ಮಾಡಿದ್ದಳು. ಭಾನುವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ಹತ್ತಕ್ಕೆ ಆ್ಯಪ್ ತಾನಾಗಿ ಮೂರು ಸುಳ್ಳು ತಪ್ಪಿನ ಸಾಲು ಬರೆಯುತ್ತಿತ್ತು. ಮಾವನ ಫೋನು ಬಾರಿಸಬೇಕು. ಬಾರಿಸಿದ ಹೊತ್ತನ್ನು ಮಾವ ನೀಲಿ ರಟ್ಟಿನ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಹದಿನೇಳರಂದೂ ಹತ್ತಕ್ಕೆ ಬಾರಿಸಿತ್ತು ಎಂದು ಅಲ್ಲಿತ್ತು, ಸಹಿಯೂ ಇತ್ತು. ಅಂದರೆ ಹತ್ತಕ್ಕೆ ಬದುಕಿದ್ದ ಗಂಟೆ ಹನ್ನೊಂದು ಎರಡಕ್ಕೆ ಸತ್ತಿತ್ತು. ಆ ಒಂದು ತಾಸು, ಗಂಟೆ ಅಕ್ಕ ತನ್ನ ಮೇಜು ಬಿಟ್ಟು ಎದ್ದಿರಲಿಲ್ಲ, ಇಡೀ ಹಾಲು ಅದನ್ನು ನೋಡಿತ್ತು. ಪಂಚನಾಮೆ ಬರೆದು, ರಿಜಿಸ್ಟರನ್ನು ಜಪ್ತಿ ಮಾಡಿ, ಎಲ್ಲರ ಸಹಿ ಪಡೆದು ಪೊಲೀಸರು ಇಳಿದಾಗ ಮೂರು ಗಂಟೆ. ಮೆಟ್ಟಿಲವರೆಗೆ ಬಂದ ಮಾವ, "ಹುಷಾರು, ಮೂರನೇ ಮೆಟ್ಟಿಲು ಸ್ವಲ್ಪ ಒಡೆದಿದೆ," ಎಂದರು.

ಹತ್ತೊಂಬತ್ತನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಗಂಟೆ ಅಕ್ಕನನ್ನು ಠಾಣೆಗೆ ಕರೆಸಿದರು. ಮಹಿಳಾ ಪೇದೆ ಪಕ್ಕದಲ್ಲಿ ಕೂತಳು. ದಫೇದಾರ ಗೋಡೆಗೊರಗಿ ನಿಂತ.

"ಮ್ಯಾನೇಜರ್ ಜೊತೆ ಜಗಳ ಯಾತಕ್ಕೆ?"

"ಗಂಟೆ ಸುಮ್ಸುಮ್ನೆ ಬಡ್ಕೊಳ್ತಿತ್ತು ಮೇಡಂ. ಡ್ರೈವರ್ ಫೋನಿಗೆ ಸಿಗ್ನಲ್ ಇಲ್ದಿದ್ರೂ ತಪ್ಪಿನ ಸಾಲು ಬರುತ್ತೆ. ಅದು ನಿಜವಾದ ತಪ್ಪಲ್ಲ. ದಿನಕ್ಕೆ ನಲವತ್ತು ಸಲ ಬಾರಿಸಿದ್ರೆ ಅದ್ರಲ್ಲಿ ನಿಜವಾದ್ದು ಒಂದೋ ಎರಡೋ. ಅದನ್ನ ಬೇರೆ ಮಾಡೋಕೆ ಎರಡು ದಿನ ಕೊಡಿ ಅಂತ ಕೇಳ್ದೆ. ಕೊಡ್ಲಿಲ್ಲ. ಹೊಸ ಬಟನ್, ಹೊಸ ಬಣ್ಣ, ಅದೇ ಮೊದ್ಲು ಅಂದ್ರು."

"ಅದಕ್ಕೆ ಕೋಪ ಬಂದು ಗಂಟೆ ನಿಲ್ಲಿಸಿದ್ರಿ."

"ಇಲ್ಲ! ಕೋಪ ಬಂದು ರಾಜೀನಾಮೆ ಕೊಟ್ಟೆ."

"ನಿಮ್ಮ ಪಾಸ್‌ವರ್ಡ್ ಯಾರಿಗೆ ಗೊತ್ತು?"

ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಿತು. "ಯಾರಿಗೂ ಇಲ್ಲ."

ಸುಳ್ಳು. ದಫೇದಾರನಿಗೆ ಅದು ಗೊತ್ತಾಯಿತು, ಮೇಡಂ ಅವರಿಗೂ ಗೊತ್ತಾಯಿತು. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದರು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೊತ್ತು ಕೂಡಿಬರ್ತಾ ಇದೆ, ಹೆಸರು ಇದೆ, ಕಾರಣ ಇದೆ. ಸುಳ್ಳೂ ಹೇಳ್ತಿದ್ದಾಳೆ. ಸಾಯಂಕಾಲದೊಳಗೆ ಬೇರೆ ಏನೂ ಸಿಗ್ಲಿಲ್ಲ ಅಂದ್ರೆ ಬಂಧನದ ಕಾಗದ ತಯಾರು ಮಾಡಿ ದಫೇದಾರ್ರೇ. ಅವಳಿಗೊಂದು ಮಗು ಇದೆಯಂತೆ, ಮನೆಯವರಿಗೆ ಮೊದ್ಲೇ ತಿಳಿಸ್ಬಿಡಿ."

ಬಂಧನದ ಕಾಗದಕ್ಕೆ ಮೊದಲು ಜಪ್ತಿ ಮಾಡಿದ ರಿಜಿಸ್ಟರಿನ ನಕಲು ಆಗಬೇಕಿತ್ತು. ದಫೇದಾರ ಮೇಜಿನ ಮೇಲೆ ಅದನ್ನು ಹರಡಿಕೊಂಡು, ತಿಂಗಳ ಮೊದಲಿನಿಂದ ಸಾಲು ಸಾಲಾಗಿ ಇಳಿಸಿಕೊಳ್ಳತೊಡಗಿದ. ಒಂದನೇ ತಾರೀಖು, ಹತ್ತು ಮೂರು. ಮೂರು, ಹತ್ತು ಒಂದು. ನಾಲ್ಕು, ಹತ್ತು ನಾಲ್ಕು. ಐದು, ಹತ್ತು ಎರಡು. ಆರು, ಹತ್ತು ನಾಲ್ಕು. ಏಳು, ಹತ್ತು ಮೂರು. ಎಂಟು, ಹತ್ತು ಗಂಟೆ. ಹತ್ತು, ಹತ್ತು ಗಂಟೆ. ಹನ್ನೊಂದು, ಹತ್ತು ಗಂಟೆ. ಕೈ ಸರಾಗವಾಗಿ ಓಡುತ್ತಿತ್ತು, ಒಂದೇ ಮಾತನ್ನು ಬರೆಯುವುದು ಎಷ್ಟು ಸುಲಭ. ಅಷ್ಟರಲ್ಲಿ ಅವನ ಕಿವಿ ಬೆಚ್ಚಗಾಯಿತು.

ಕಿವಿ ಬೆಚ್ಚಗಾಗಲು ಒಂದು ಹಳೆಯ ಕಥೆಯಿದೆ. ಪೇದೆಯಾಗಿದ್ದ ಕಾಲದಲ್ಲಿ ದಫೇದಾರ ಒಂದು ಚಳಿಗಾಲವಿಡೀ ರಾತ್ರಿ ಗಸ್ತಿನ ಬೀಟಿಗೆ ಹೋಗದೆ, ಬ್ಯಾಂಕಿನ ಜಗಲಿಯ ಮೇಲೆ ಹಾಯಾಗಿ ಮಲಗಿ, ಬೀಟ್ ಪುಸ್ತಕವನ್ನು ಮಾತ್ರ ಚಾಚೂ ತಪ್ಪದೆ ತುಂಬಿದ್ದ. ಹನ್ನೊಂದು ಗಂಟೆ, ಹನ್ನೆರಡು ಗಂಟೆ, ಒಂದು ಗಂಟೆ. ಆಗಿನ ಸಾಹೇಬರು ಪುಸ್ತಕ ನೋಡಿ ಎಲ್ಲರೆದುರು ಅವನನ್ನು ನಿಲ್ಲಿಸಿ ಹೇಳಿದ್ದರು. "ನಡೆದವನು ಹನ್ನೊಂದು ಏಳಕ್ಕೆ ತಲುಪ್ತಾನೆ, ಹನ್ನೆರಡು ಹದಿಮೂರಕ್ಕೆ ತಲುಪ್ತಾನೆ. ಗಡಿಯಾರ ಹೊಡೆಯೋ ಹೊತ್ತಿಗೆ ಸರಿಯಾಗಿ ಎಲ್ಲಾ ಕಡೆ ತಲುಪೋನು ಮಲಗಿರೋನು ಮಾತ್ರ." ಮೂರು ತಿಂಗಳು ಠಾಣೆಯವರೆಲ್ಲ ಅವನನ್ನು 'ಗಡಿಯಾರ' ಎಂದೇ ಕರೆದಿದ್ದರು. ಈಗಲೂ ಒಬ್ಬಿಬ್ಬರು ಕರೆಯುತ್ತಾರೆ.

ಅವನು ರಿಜಿಸ್ಟರನ್ನು ಮುಂದಕ್ಕೆ ನೋಡಿದ. ಎಂಟನೇ ತಾರೀಖಿನಿಂದ ಹದಿನೇಳರವರೆಗೆ, ನಡುವಿನ ಭಾನುವಾರಗಳನ್ನು ಬಿಟ್ಟು ಎಂಟು ಸಾಲು, ಎಂಟೂ ಹತ್ತು ಗಂಟೆಗೆ ಸರಿಯಾಗಿ. ಹದಿನೆಂಟನೇ ತಾರೀಖು ಮತ್ತೆ ಹತ್ತು ಮೂರು. ಹಿಂದಿನ ಏಳು ತಿಂಗಳನ್ನು ತಿರುವಿ ಹಾಕಿದ. ಎಲ್ಲೂ ಒಂದೇ ಒಂದು ಸರಿಯಾದ ಹತ್ತು ಇರಲಿಲ್ಲ.

ರಿಜಿಸ್ಟರನ್ನು ಮೇಡಂ ಮುಂದಿಟ್ಟ, ಅವರು ಆ ಸಾಲುಗಳನ್ನು ಓದಿದರು. ಆಮೇಲೆ ಗಂಟೆ ಅಕ್ಕನನ್ನು ಒಳಗೆ ಕರೆದರು.

"ಬೆಳಗಿನ ಪರೀಕ್ಷೆ ಗಂಟೆ ಹತ್ತಕ್ಕೆ ಸರಿಯಾಗಿ ಬಾರಿಸುತ್ತಾ?"

"ಹತ್ತಕ್ಕಾ? ಹತ್ತಕ್ಕೆ ಯಾವತ್ತೂ ಬಾರಿಸಲ್ಲ ಮೇಡಂ. ಸಾಲು ಬೀಳೋದು ಹತ್ತಕ್ಕೆ. ಆ ಸಾಲು ಆ್ಯಪ್‌ನಿಂದ ನಮ್ಮ ಆಫೀಸಿಗೆ ಬಂದು ಸೇರ್ಬೇಕು, ಎಣಿಸ್ಬೇಕು, ಆಮೇಲೆ ಕರೆ ಹೋಗ್ಬೇಕು. ಒಂದು ನಿಮಿಷಾನೋ ನಾಲ್ಕು ನಿಮಿಷಾನೋ ಹಿಡಿದೇ ಹಿಡಿಯುತ್ತೆ. ದಿನಾ ಒಂದೇ ಥರ ಇರಲ್ಲ."

ಮೇಡಂ ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು. ಅವಳ ಬೆರಳು ಎಂಟು ಸಾಲಿನ ಮೇಲೆ ಇಳಿಯಿತು, ಸಹಿಯ ಹತ್ತಿರ ಹೋಗಿ ನಿಂತಿತು. ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಪಾಸ್‌ವರ್ಡ್?" ಮೇಡಂ ಮೆಲ್ಲಗೆ ಕೇಳಿದರು.

"ಮಗು ಹುಟ್ಟಿದಾಗ ಆಸ್ಪತ್ರೆಯಲ್ಲಿದ್ದೆ. ಅರ್ಜೆಂಟಾಗಿ ಏನೋ ತಿದ್ದಬೇಕಿತ್ತು. ಫೋನಲ್ಲಿ ಹೇಳಿದೆ. ಅವರೊಬ್ರಿಗೇ." ಮೂಗು ಒರೆಸಿಕೊಂಡಳು. "ನಿಮ್ಗೆ ಹೇಳಿದ್ರೆ ಸುಮ್ನೆ ಅವರನ್ನ ಎಳೆದಂಗಾಗುತ್ತೆ ಅಂತ ಹೇಳ್ಲಿಲ್ಲ. ಮಾವ ಮೇಡಂ ಅವರು. ನಿನ್ನೆ ನಾನು ಅಳ್ತಾ ಇದ್ದಾಗ ಟೀ ತಂದುಕೊಟ್ರು."

ಬಂಧನದ ಕಾಗದ ಆ ಸಾಯಂಕಾಲ ತಯಾರಾಗಲಿಲ್ಲ. ಮ್ಯಾನೇಜರು ನಾಲ್ಕು ಸಲ ಫೋನ್ ಮಾಡಿದ. ಮೇಡಂ ಎತ್ತಲಿಲ್ಲ.

ಇಪ್ಪತ್ತೊಂದನೇ ತಾರೀಖು, ಶುಕ್ರವಾರ, ಮಧ್ಯಾಹ್ನ ಮಾವನ ಮೊಬೈಲಿನ ಕರೆಗಳ ವಿವರ ಬಂತು. ಗಂಟೆಯ ಕರೆಗಳೆಲ್ಲ ಒಂದೇ ನಂಬರಿನಿಂದ. ಏಳನೇ ತಾರೀಖಿನವರೆಗೆ ದಿನಕ್ಕೆ ನಲವತ್ತು, ನಲವತ್ತೈದು. ಏಳರ ಮಧ್ಯಾಹ್ನ ಎರಡು ನಲವತ್ತೊಂದಕ್ಕೆ ಕೊನೆಯದು. ಮತ್ತೆ ಬಂದದ್ದು ಹದಿನೇಳರ ಮಧ್ಯಾಹ್ನ ಒಂದು ಇಪ್ಪತ್ತನಾಲ್ಕಕ್ಕೆ. ಇನ್ನೊಂದು ಕರೆಯೂ ಇತ್ತು, ಹದಿನೇಳರ ಬೆಳಿಗ್ಗೆ ಹತ್ತು ನಲವತ್ತೆಂಟಕ್ಕೆ. ಅದು ಮಾವನ ಪಕ್ಕದ ಮನೆಯ ನಂಬರು.

ಮಾವ ಆ ದಿನ ರಜೆಯಲ್ಲಿದ್ದರು. ಮನೆ ಆಫೀಸಿನಿಂದ ಎರಡು ಬೀದಿ ಆಚೆ, ನೆಲ ಅಂತಸ್ತಿನ ಎರಡು ಕೋಣೆ. ಪೊಲೀಸರನ್ನು ಕಂಡು ಅವರು ಬೆಚ್ಚಲಿಲ್ಲ. ಕುರ್ಚಿ ಎಳೆದು ಹಾಕಿದರು, ದಫೇದಾರನಿಗೆ ಎತ್ತರದ್ದು.

"ಏಳನೇ ತಾರೀಖು ಗಂಟೆ ನಿಲ್ಲಿಸಿದ್ದು ನೀವೇನಾ?"

ಅವರು ಉತ್ತರಿಸುವ ಮೊದಲು ಮೇಜಿನ ಮೇಲಿದ್ದ ಫೋನು ಬಡಿದುಕೊಂಡಿತು. ಗೋಡೆ ನಡುಗುವ ಸದ್ದು. ಮಾವ ಹಾರಿ ಅದನ್ನು ಹಿಡಿದು ಒತ್ತಿದರು. ಅಷ್ಟರೊಳಗೆ ಒಳಕೋಣೆಯ ಬಾಗಿಲು ತೆರೆದು ಒಬ್ಬ ಮುದುಕಿ ಬಂದಾಗಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

"ಯಾರು ಹೋದ್ರು?" ಎಂದಳು. "ಚಿಕ್ಕವನಾ? ಯಾಕೋ ಹೇಳಲ್ಲ ನೀನು, ಚಿಕ್ಕವನು ಹೋದ್ನಾ?"

"ಯಾರೂ ಹೋಗಿಲ್ಲಮ್ಮ. ಆಫೀಸಿನ ಫೋನು."

ಅವಳು ನಂಬಲಿಲ್ಲ. ಗೋಡೆಗೆ ತಲೆಯಿಟ್ಟು ಅಳತೊಡಗಿದಳು. ಮಾವನ ಅಕ್ಕ ಬಂದು ಸೊಂಟ ಬಳಸಿ ಒಳಗೆ ಕರೆದೊಯ್ದಳು.

"ತಮ್ಮ ಸತ್ತು ಹನ್ನೆರಡು ವರ್ಷ ಆಯ್ತು," ಮಾವ ನೆಲ ನೋಡುತ್ತ ಹೇಳಿದರು. "ಸುದ್ದಿ ಫೋನಲ್ಲಿ ಬಂತು, ಎತ್ತಿದ್ದು ಅಮ್ಮ. ಈಗ ಅವಳಿಗೆ ಏನೂ ನೆನಪಿಲ್ಲ, ನನ್ನ ಹೆಸರೂ ಇಲ್ಲ. ಅದೊಂದು ಮಾತ್ರ ಹೋಗಿಲ್ಲ. ಪ್ರತಿ ಸಲ ಗಂಟೆ ಬಾರಿಸಿದಾಗ್ಲೂ ಅವನು ಆಗ್ತಾನೆ ಸತ್ತ. ಮನೇಲಿ ನಾನಿರೋ ಹೊತ್ತಲ್ಲೇ ದಿನಕ್ಕೆ ಹತ್ತು ಹನ್ನೆರಡು ಸಲ ಸತ್ತ."

"ಸದ್ದು ಕಮ್ಮಿ ಮಾಡ್ಬಹುದಿತ್ತು."

"ಆಗಲ್ಲ. ಸೈಲೆಂಟ್ ಇಡಂಗಿಲ್ಲ ಅಂತ ಹಾಗೇ ಹಾಕಿದ್ದಾರೆ. ಎರಡು ನಿಮಿಷದಲ್ಲಿ ಒತ್ತದಿದ್ರೆ ಮೆಮೊ. ಹಗಲಾದ್ರೂ ರಾತ್ರಿಯಾದ್ರೂ ನನ್ನೊಬ್ಬನ ನಂಬರೇ. ಜವಾಬ್ದಾರಿ ಒಬ್ಬರದೇ ಇರ್ಬೇಕಂತೆ. ಸರಿ ಮಾಡ್ಸಿ ಅಂತ ಹನ್ನೊಂದು ಸಲ ಬರ್ದುಕೊಟ್ಟೆ." ಒಣಗಿದ ತುಟಿ ಸವರಿಕೊಂಡರು. "ಮೂರು ಇದ್ದ ಕಡೆ ಮೂರು ಸಾವಿರ ಅಂತ ಹಾಕ್ದೆ. ಗಂಟೆ ಇಲ್ದಿದ್ರೇನು, ನಾನೇ ಲಾಗ್ ನೋಡ್ತೀನಿ ಅಂದ್ಕೊಂಡೆ. ಕಾಲು ಗಂಟೆಗೊಂದು ಸಲ ಕಣ್ಣಲ್ಲಿ ಕಣ್ಣಿಟ್ಟು ನೋಡ್ದೆ ಮೇಡಂ, ಹತ್ತು ದಿನ ಅರೆಬರೆ ನಿದ್ದೆ. ಎರಡು ನಿಜವಾದ ತಪ್ಪು ನಾನೇ ಹಿಡಿದೆ. ಅವತ್ತು ಅಮ್ಮ ಬೀದಿಗೆ ಹೊರಟುಹೋದ್ಲು ಅಂತ ಫೋನ್ ಬಂತು. ಹುಡುಕ್ಕೊಂಡು ಹೋದೆ. ಒಂದು ಗಂಟೆ. ಒಂದೇ ಒಂದು ಗಂಟೆ."

"ಅದು ಅಚಾತುರ್ಯ ಅಂತಾನೇ ಇಟ್ಕೊಳ್ಳೋಣ," ಎಂದರು ಮೇಡಂ. "ಆ ಹುಡುಗಿ ತಲೆಗೆ ಕಟ್ಟಿದ್ದು?"

ಮಾವ ಫೋನನ್ನು ಮೇಜಿನ ಮೇಲೆ ಕವುಚಿಟ್ಟರು. "ಕಟ್ಬೇಕು ಅಂತ ಮಾಡ್ಲಿಲ್ಲ. ಅವಳ ಹೆಸರಲ್ಲಲ್ಲದೆ ತಿದ್ದೋಕೆ ಬರಲ್ಲ. ಹೇಗೂ ಕೆಲಸ ಬಿಟ್ಟು ಹೋಗೋಳು, ಅವಳಿಗೇನೂ ಆಗಲ್ಲ ಅಂದ್ಕೊಂಡೆ. ಆಮೇಲೆ ನೀವು ಬಂದ್ರಿ. ಎಲ್ಲರೂ ಅವಳ ಕಡೆ ನೋಡಿದ್ರು. ನಾನೂ ನೋಡ್ದೆ."

ದಫೇದಾರನಿಗೆ ಅವರ ಮೇಲೆ ಮರುಕ ಬಂತು, ಗಂಟೆ ಅಕ್ಕನಿಗೆ ತಂದುಕೊಟ್ಟ ಆ ಟೀ ನೆನಪಾಗಿ ಸಿಟ್ಟೂ ಬಂತು. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕಾಗದ ತೆಗೆದ. ಬಂಧನದ ಸಮಯ ಎನ್ನುವ ಕಡೆ ಕೈ ಅಭ್ಯಾಸಬಲದಿಂದ ನಾಲ್ಕೂವರೆ ಎಂದು ಬರೆಯಹೊರಟಿತ್ತು. ತಡೆದು, ಗೋಡೆಯ ಗಡಿಯಾರ ನೋಡಿ, ನಾಲ್ಕು ಮೂವತ್ತೇಳು ಎಂದು ಬರೆದ. ಫೋನನ್ನು ಜಪ್ತಿ ಮಾಡುವ ಮೊದಲು ಮೇಡಂ ಗಂಟೆ ಅಕ್ಕನಿಗೆ ಕರೆ ಮಾಡಿ, ಗಂಟೆ ಬೇರೆ ಯಾರಾದರೂ ಜವಾಬ್ದಾರರ ನಂಬರಿಗೆ ಹೋಗುವ ಹಾಗೆ ಮಾಡಲು ಹೇಳಿದರು. ಯಾರ ನಂಬರು ಹಾಕಲಿ ಎಂದು ಅವಳು ಕೇಳಿದಳು. ಮೇಡಂ ಒಂದು ಕ್ಷಣ ಯೋಚಿಸಿ ಹೇಳಿದರು.

ಜೀಪು ಹತ್ತುವಾಗ ಮಾವ ಕೇಳಿದರು, "ಫೋನು ನಿಮ್ಮ ಹತ್ರಾನೇ ಇರುತ್ತಲ್ಲ ಸಾರ್? ಮನೆಗೆ ವಾಪಸ್ ಕೊಡಲ್ಲ ತಾನೇ?"

"ಕೇಸು ಮುಗಿಯೋವರೆಗೂ ಕೊಡಲ್ಲ."

"ಸದ್ಯ," ಎಂದರು ಮಾವ.

ಬಟ್ಟೆ ಹೊಲಿಯುವವಳು ಶನಿವಾರ ಬಂದಳು. ಕೊರಳಲ್ಲಿ ಟೇಪು ಇರಲಿಲ್ಲ. ಗಾಡಿ ನಿಂತ ಕಡೆಯಿಂದ ಕದಲಿರಲಿಲ್ಲ, ಅದನ್ನು ಹೊರಡಿಸಬೇಕಾದವರು ಆ ಹೊತ್ತಿನಲ್ಲಿ ತಮ್ಮ ತಾಯಿಯನ್ನು ಬೀದಿಯಲ್ಲಿ ಹುಡುಕುತ್ತಿದ್ದರು ಎಂದು ಮೇಡಂ ಹೇಳಿದರು. ಅವಳು ಕೇಳಿಸಿಕೊಂಡಳು. "ಅವರಿಗೆ ಅವರಮ್ಮ ಸಿಕ್ರಾ?" ಎಂದು ಕೇಳಿದಳು. ಸಿಕ್ಕಿದರು ಎಂದಾಗ ತಲೆಯಾಡಿಸಿ, ಹೇಳಿಕೆಗೆ ಸಹಿ ಹಾಕಿ ಹೋದಳು.

ದೋಷಾರೋಪ ಪಟ್ಟಿಯ ಜೊತೆ ಮಾವನ ಹನ್ನೊಂದು ಅರ್ಜಿಗಳನ್ನೂ ಲಗತ್ತಿಸಲಾಯಿತು. ಹನ್ನೊಂದರ ಮೇಲೂ ಮ್ಯಾನೇಜರು 'ನೋಡೋಣ' ಎಂದು ಬರೆದು ಸಹಿ ಹಾಕಿದ್ದ. ಶುಕ್ರವಾರ ಸಾಯಂಕಾಲದಿಂದ ಗಂಟೆ ಅವನ ಫೋನಿನಲ್ಲಿ ಬಾರಿಸತೊಡಗಿತ್ತು. ಸ್ನಾನಕ್ಕೆ ಹೋದರೂ ಬಾರಿಸಿತು, ಊಟಕ್ಕೆ ಕೂತರೂ ಬಾರಿಸಿತು. ಸೋಮವಾರ ಬೆಳಿಗ್ಗೆ ಹತ್ತು ಎರಡಕ್ಕೆ ಪರೀಕ್ಷೆಯ ಗಂಟೆ ಬಂದಾಗ ಅವನು ಗಾಜಿನ ಕೋಣೆಯಿಂದ ಹೊರಬಂದು, ಕೆಂಪಾದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ, ಗಂಟೆ ಅಕ್ಕ ಕೇಳಿದ್ದ ಆ ಎರಡು ದಿನಗಳನ್ನು ಅವಳಿಗೆ ಕೊಟ್ಟ. ಕೆಲಸ ಬುಧವಾರ ಮಧ್ಯಾಹ್ನಕ್ಕೇ ಮುಗಿಯಿತು.